ಮೇಲಿನ ವಾಲ್ವು

ನಲ್ಲಿ ರಿಪೇರಿಯವನಿಗೆ ಗೊತ್ತಿದ್ದದ್ದು ಒಂದೇ ಮಂತ್ರ: ಎಲ್ಲೇ ಸೋರಲಿ, ಮೊದಲು ಮೇಲಿನ ವಾಲ್ವು ಮುಚ್ಚು. ಇಪ್ಪತ್ತು ವರ್ಷ ಅದು ಅವನ ಕೈಬಿಟ್ಟಿರಲಿಲ್ಲ.

ತಂಗಿಗೆ ಹೆರಿಗೆಯಾಗಿತ್ತು. ಕೂಸನ್ನು ತೋರಿಸಲೆಂದು ಅಮ್ಮನನ್ನು ಕರೆದುಕೊಂಡು ಬೆಳಗ್ಗೆ ಬಸ್ಸು ಹತ್ತಿದ್ದ. ಆರು ತಾಸಿನ ದಾರಿ, ಸುಡುಬಿಸಿಲು. ಒಂದು ತಾಸು ಕಳೆಯುವಷ್ಟರಲ್ಲಿ ಅಮ್ಮನಿಗೆ ವಾಂತಿ ಭೇದಿ ಶುರುವಾಯಿತು. ಎರಡು ಸಲ ಕಂಡಕ್ಟರು ಗೊಣಗುತ್ತ ಬಸ್ಸು ನಿಲ್ಲಿಸಿದ. ಮೂರನೇ ಸಲ ಇಡೀ ಬಸ್ಸೇ ಗೊಣಗಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಇವನಿಗೆ ಹೊಳೆದದ್ದು ವಾಲ್ವು. ನೀರಿನ ಬಾಟಲಿಯನ್ನು ಸಲಕರಣೆ ಚೀಲಕ್ಕೆ ತುರುಕಿಬಿಟ್ಟ.

"ಒಂದ್ ಗುಟುಕು ಕೊಡೋ, ನಾಲಿಗೆ ಅಂಟ್ಕೊಳ್ತಿದೆ."

"ಕುಡಿದ್ರೆ ಮತ್ತೆ ಹೋಗುತ್ತಮ್ಮ. ಮೇಲೆ ಬಂದ್ ಮಾಡಿದ್ರೆ ಕೆಳಗೆ ತಾನಾಗೇ ನಿಲ್ಲುತ್ತೆ."

"ನನ್ನೂ ಪೈಪು ಮಾಡ್ಬಿಟ್ಯಲ್ಲೋ" ಎಂದು ಅಮ್ಮ ನಕ್ಕಳು. ಇನ್ನೂ ಮೂರು ಸಲ ಕೇಳಿದಳು. ಆಮೇಲೆ ಕೇಳಲಿಲ್ಲ. ಭೇದಿಯೂ ನಿಂತಿತು. ನೋಡಿದೆಯಾ, ಎಂದು ಬೀಗಿದ ಆ ಅತಿಬುದ್ಧಿವಂತ. ಅಮ್ಮ ಅವನ ಭುಜಕ್ಕೆ ತಲೆಯಿಟ್ಟಳು. ನಿದ್ದೆ ಎಂದುಕೊಂಡ. ಇಳಿಯುವಾಗ ಅಲ್ಲಾಡಿಸಿದರೂ ಏಳಲಿಲ್ಲ.

ಬಸ್ ಸ್ಟ್ಯಾಂಡಿನ ಎದುರಿನ ಆಸ್ಪತ್ರೆಯಲ್ಲಿ ನರ್ಸು ಅಮ್ಮನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಅದು ಎದ್ದಂತೆಯೇ ನಿಂತಿತ್ತು.

"ನೀರು ಕುಡಿಸಿಲ್ವಾ?"

"ವಾಂತಿ ಭೇದಿ ಅಂತ ಬಂದ್ ಮಾಡಿದ್ದೆ. ನಿಂತೂ ಹೋಯ್ತು."

"ಹೋದಷ್ಟೂ ತುಂಬಿಸ್ಬೇಕಿತ್ತು ಕಣ್ರೀ! ವಾಂತಿಯಾದ್ರೂ ಚಮಚ ಚಮಚವಾಗಿ ಕೊಡ್ಬೇಕು. ಭೇದಿ ನಿಂತಿದ್ದಲ್ಲ, ಒಳಗೆ ನೀರೇ ಖಾಲಿ." ಡ್ರಿಪ್ಪು ಹಾಕಿ, ಉಚ್ಚೆಗೆ ಕೊಳವೆ ತೂರಿಸಿ, ಅದರ ಚೀಲವನ್ನು ಮಂಚದ ಕೆಳಗೆ ಕಟ್ಟಿದಳು. "ಇನ್ನು ಇದಕ್ಕೆ ಬರ್ಬೇಕು. ಬಂದ್ರೆ ಕಿಡ್ನಿ ಉಳೀತು ಅಂತ."

ಅವನು ಸ್ಟೂಲಿನ ಮೇಲೆ ಕೂತ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಎದೆಯೊಳಗೆ ಯಾರೂ ಇಲ್ಲದಂತಿತ್ತು. ತಂಗಿಯ ಕರೆ ಬಂದು ಜೇಬಿನ ಫೋನು ಬಡಿದುಕೊಂಡಿತು. ಹೊರತೆಗೆದ. ಅದು ಸುಮ್ಮನಾಗುವ ತನಕ ನೋಡಿದ. ಡ್ರಿಪ್ಪಿನ ಎರಡು ಬಾಟಲಿ ಮುಗಿದವು. ಬದುಕಿಡೀ ಸೋರಿಕೆ ನಿಲ್ಲಿಸಿದವನು, ಒಂದೇ ಒಂದು ಹನಿ ಸೋರಲೆಂದು ಖಾಲಿ ಕೊಳವೆಯ ಮೇಲೆ ಕಣ್ಣು ನೆಟ್ಟಿದ್ದ.

ಸಂಜೆಗೆ ಒಂದು ಹನಿ ಬಿತ್ತು. ಕಪ್ಪು ಚಹಾದ ಬಣ್ಣ. ಹಿಂದೆಯೇ ಇನ್ನೊಂದು. ಅವನಿಗೆ ಆಗಲೂ ಏನೂ ಅನ್ನಿಸಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅಮ್ಮ ಪೂರ್ತಿ ಎಚ್ಚರಾದಳು. ನರ್ಸು ಓಆರ್‌ಎಸ್ ಪುಡಿ ಕಲಸಿದ ನೀರನ್ನೂ ಚಮಚವನ್ನೂ ಕೊಟ್ಟು ಹೋದಳು. ಅವನು ಚಮಚವನ್ನು ತುಟಿಯ ಹತ್ತಿರ ಹಿಡಿದ. ಅಮ್ಮ ಬಾಯಿ ತೆರೆಯಲಿಲ್ಲ. ಮೊದಲು ಅವನ ಮುಖ ನೋಡಿದಳು.

"ಈಗ ಕುಡೀಬಹುದೇನಪ್ಪಾ?"