ಭುವನಾಳ ಮೇಣದ ಬಿಲ್ಲೆ

ನಾನು ಒಂದು ಮೇಣದ ಬಿಲ್ಲೆ. ಗಾತ್ರದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮೇಣ ಎಂದೊಡನೆ ಬೆಳಕು ಕೊಡುವ ವಸ್ತುವೆಂದು ತಿಳಿಯಬೇಡಿ, ಆ ಪುಣ್ಯ ನಾನು ಪಡೆದು ಬಂದಿಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಮೂರು ವರ್ಷದ ಭುವನಾಳ ಅಂಡಾಶಯದಿಂದ ಗಡ್ಡೆಯೊಂದನ್ನು ತೆಗೆದರು. ಅದರ ಚೂರಿನ ಮೇಲೆ ಕರಗಿದ ಮೇಣ ಸುರಿದಾಗ ನಾನು ಹುಟ್ಟಿದೆ. ಕೆಡದಂತೆ ಅದನ್ನು ಹೊಟ್ಟೆಯಲ್ಲಿಟ್ಟು ಕಾಯುವುದೇ ನನ್ನ ಕೆಲಸ.

ನನ್ನನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು ನೋಡಿ, ಕ್ಯಾನ್ಸರ್ ಎಂದರು. ಬೆಂಗಳೂರಿನಲ್ಲೂ ಒಮ್ಮೆ ತೋರಿಸಿ ಎಂದು ನನ್ನನ್ನೇ ಪೊಟ್ಟಣ ಕಟ್ಟಿ ತಾಯಿ ಶಿವಲೀಲಾಳ ಕೈಗೆ ಕೊಟ್ಟರು. "ಜ್ವಾಕಿ ಮಾಡವ್ವಾ, ಇದರಾಗ ನಿನ್ನ ಮಗಳ ಚೂರು ಐತಿ," ಎಂದರು.

ಮಗಳ ಚೂರು ಎಂದಮೇಲೆ ತಾಯಿ ಕಪಾಟಿನಲ್ಲಿ ಇಡುತ್ತಾಳೆಯೇ? ಗದಗಿನ ಮನೆಗೆ ಹೋದವಳೇ ನನಗೆ ಕುಂಕುಮ ಹಚ್ಚಿ, ದೇವರ ಜಗಲಿಯ ಮೇಲೆ ದೀಪದ ಪಕ್ಕದಲ್ಲಿಟ್ಟಳು. ಭುವನಾಳ ತಂದೆ ಗುರುಬಸಪ್ಪ ಗ್ಯಾಸ್ ಒಲೆ ರಿಪೇರಿ ಮಾಡುವವನು. ಬಿಸಿ ಎಂದರೇನೆಂದು ಅವನಿಗೆ ಗೊತ್ತು. ಒಳಗೆ ಬಂದವನು ಹೌಹಾರಿದ.

"ಏ, ಮೇಣ ಅದು, ಕರಗತೈತಿ! ಕೂಸನ್ನ ತಿನ್ನಾಕತ್ತಿದ್ದ ರೋಗಾನ ದೇವರ ಮಗ್ಗಲ ಇಡ್ತಾರೇನು?"

"ಆಕಿ ಮೈಯಾಗಿಂದನ ಬಂದದ್ದಲ್ಲೇನ್ರಿ ಅದು?"

ಅಷ್ಟರಲ್ಲಿ ನನ್ನ ಒಂದು ಮೂಲೆ ಮೆತ್ತಗಾಗಿ ಜೋತಿತ್ತು. ಸದ್ಯ, ಒಳಗಿನ ಚೂರಿಗೆ ಏನೂ ಆಗಲಿಲ್ಲ. ಪೂಜೆಗೆ ನಾನು ತಕ್ಕ ವಸ್ತುವಲ್ಲ. ಆದರೂ ಆ ಒಂದು ಗಳಿಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ?

ಬೆಂಗಳೂರಿನವರೂ ಅದನ್ನೇ ಹೇಳಿದರು. ನಾನು ಹುಬ್ಬಳ್ಳಿ ಆಸ್ಪತ್ರೆಯ ಕಪಾಟಿಗೆ ಮರಳಿದೆ. ಈ ಗಡ್ಡೆ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಔಷಧ ಹತ್ತುತ್ತದೆಯಂತೆ. ಭುವನಾಳಿಗೆ ಹತ್ತಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಅವಳನ್ನು ಗದಗಿನಲ್ಲಿ ಮಣ್ಣು ಮಾಡಿದರು.

ಆರು ತಿಂಗಳು ಕಳೆದು ಗಂಡ ಹೆಂಡತಿ ಆಸ್ಪತ್ರೆಗೆ ಬಂದರು. "ಆಕೀದು ಅದೊಂದು ಇಲ್ಲೇ ಉಳದೈತ್ರಿ. ಕೊಟ್ಟರ ಆಕಿ ಮಗ್ಗಲ ಹೂಳ್ತೀನಿ," ಎಂದಳು ಶಿವಲೀಲಾ.

ಆದರೆ ಡಾಕ್ಟರ್ ಮಂದಾಕಿನಿಗೂ ನಾನೇ ಬೇಕಾಗಿದ್ದೆ. ಆಕೆ ಮಕ್ಕಳ ಇಂಥ ಗಡ್ಡೆಗಳ ಜೀನುಗಳನ್ನು ಓದುವವರು. ನನ್ನನ್ನು ಶಿವಲೀಲಾಳ ಕೈಯಲ್ಲಿಟ್ಟೇ ಮಾತಾಡಿದರು.

"ಎಲ್ಲಾ ಕಣದಾಗೂ ಒಂದೇ ಪುಸ್ತಕ ಇರತೈತವ್ವಾ. ಯಾವ ಹಾಳಿ ತೆರೀತೈತಿ, ಯಾವುದು ಮುಚ್ಚತೈತಿ ಅನ್ನೋದು ಬ್ಯಾರೆ ಬ್ಯಾರೆ. ಗಡ್ಡಿ ಹೆಸರು ಒಂದ ಇದ್ದರೂ ದೊಡ್ಡವರದು ಒಂದು ನಮೂನಿ, ಮಕ್ಕಳದು ಒಂದು ನಮೂನಿ. ಔಷಧ ಒಂದು ಕೂಸಿಗೆ ಹತ್ತಿ ಇನ್ನೊಂದಕ್ಕ ಹತ್ತದಿರೋದು ಅದಕ್ಕ ಏನೋ ಅಂತ ನಮ್ಮ ಅನುಮಾನ. ಆದರ ಓದಬೇಕಂದ್ರ ಉಳಿದಿದ್ದಷ್ಟೂ ಬೇಕು. ಹೂಳಾಕ ಏನೂ ಉಳಿಯಂಗಿಲ್ಲ. ಬ್ಯಾಡ ಅಂದ್ರ ಈಗ ಒಯ್ಯಿರಿ."

"ನೀವ ಇಟ್ಟಕೋರಿ," ಎಂದ ಗುರುಬಸಪ್ಪ. "ಸುಟ್ಟರೂ ನನಗೇನಿಲ್ಲ. ನನ್ನ ಮಗಳನ್ನ ತಿಂದದ್ದು ಅದು."

ಶಿವಲೀಲಾ ನನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಈ ಗಡ್ಡಿ ಯಾತರಿಂದ ಆತ್ರಿ?"

ಡಾಕ್ಟರ್ ತಡವರಿಸಿದರು. "ಹೆಣ್ಣುಕೂಸು ದೊಡ್ಡಾಕಿ ಆದಮ್ಯಾಲ ಮಕ್ಕಳಾಗಲಿ ಅಂತ ಬೀಜದ ಕಣ ಇರ್ತಾವವ್ವಾ. ಅವು ದಾರಿ ತಪ್ಪಿದ್ವು."

ಅವಳು ತನ್ನ ಮುಷ್ಟಿಯನ್ನೇ ನೋಡಿದಳು. ಆಮೇಲೆ, "ಹಂಗಾರ ನನ್ನ ಮೊಮ್ಮಕ್ಕಳಾಗಬೇಕಿದ್ದವು," ಎಂದಳು.

ಗುರುಬಸಪ್ಪ ಗೋಡೆಗೆ ಒರಗಿ ನೆಲಕ್ಕೆ ಕುಳಿತ. ಅಷ್ಟು ದಿನ ಗಟ್ಟಿಯಾಗಿದ್ದವನು ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ಪಕ್ಕದಲ್ಲಿ ಕುಳಿತು ಒಂದು ಕೈಯಿಂದ ಬೆನ್ನು ಸವರಿದಳು. ಇನ್ನೊಂದು ಕೈಯ ಮುಷ್ಟಿ ಬಿಚ್ಚಿದಳು.

"ತಗೋರಿ. ಮಣ್ಣಾಗ ಇಟ್ಟರ ಮಣ್ಣಾಗ್ತಾವು. ಇದರಿಂದ ಒಂದಾದ್ರೂ ಕೂಸು ಉಳಿದರ ನನಗ ಹೇಳ್ರಿ."

ಈಗ ನನ್ನ ಹೊಟ್ಟೆ ಬರಿದು. ನಡುವೆ ತೂತು ಬಿದ್ದ ಮೇಣವಾಗಿ ಡಾಕ್ಟರ ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದೇನೆ. ನನ್ನೊಳಗಿಂದ ಓದಿದ್ದು ಬೇರೆ ಮಕ್ಕಳದರ ಜೊತೆ ಕಂಪ್ಯೂಟರಿನಲ್ಲಿದೆ. ಕೊಂದದ್ದನ್ನೇ ಕಾಯ್ದ ಬಾಳು ನನ್ನದು. ಅದರಿಂದ ಯಾರಾದರೂ ಬದುಕಿದರೆ ನನ್ನ ಜನ್ಮಕ್ಕೂ ಒಂದು ಅರ್ಥ ಬರುತ್ತದೆ. ಅದು ನನ್ನ ಕೈಯಲ್ಲಿಲ್ಲ.

ಭುವನಾ ಹುಟ್ಟಿದ ದಿನ, ವರ್ಷಕ್ಕೊಮ್ಮೆ, ಗದಗಿನಿಂದ ಫೋನ್ ಬರುತ್ತದೆ.

"ಯಾವುದಾದ್ರೂ ಕೂಸು ಉಳೀತೇನ್ರಿ?"

ಡಾಕ್ಟರಿಗೆ ಸುಳ್ಳು ಹೇಳಲು ಬರುವುದಿಲ್ಲ. "ಇನ್ನೂ ಇಲ್ಲವ್ವಾ. ಓದಾಕತ್ತೇವಿ."

"ಆತ್ರಿ. ಓದ್ರಿ. ನಾ ಮತ್ತ ಮಾಡ್ತೀನಿ."