ಭಂಡಾರ ಮುಟ್ಟಿ ಹೇಳಿದ ಮಾತು

ಬಾನೆಟ್ ಎತ್ತಿದ ಕೂಡಲೇ ಬಿಸಿ ಹಬೆ ಮುಖಕ್ಕೆ ಬಡಿಯಿತು. ಮಲಕಾರಿ ಹಿಂದೆ ಸರಿದು, ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಸೋದರಸೊಸೆಯ ಕಡೆ ತಿರುಗಿ ನಕ್ಕ.

"ಅಂಜಬ್ಯಾಡ ಸಕ್ಕು. ನಮ್ಮ ಹಂತ್ಯಾಕ ಕಾರ್ಡ್ ಐತಿ."

ಸಕ್ಕುಬಾಯಿ ಇಳಿದು ರಸ್ತೆಯ ಎರಡೂ ದಿಕ್ಕಿಗೆ ನೋಡಿದಳು. ಅಂಕಲಿ ದಾಟಿ ಸ್ವಲ್ಪ ದೂರ ಬಂದಿದ್ದರು. ಆಳೆತ್ತರದ ಕಬ್ಬಿನ ನಡುವೆ ಡಾಂಬರು ಖಾಲಿ ಬಿದ್ದಿತ್ತು. ಬಸ್ಸಿನವರ ಮುಷ್ಕರಕ್ಕೆ ಅಂದು ಮೂರನೆಯ ದಿನ. ಕೈಗಡಿಯಾರದಲ್ಲಿ ಒಂದೂಕಾಲು. ಪಕ್ಕದ ಮೈಲಿಗಲ್ಲಿನ ಮೇಲೆ ಚಿಕ್ಕೋಡಿ ಹದಿನಾರು ಕಿಲೋಮೀಟರ್ ಎಂದಿತ್ತು.

ಅವಳು ಎದೆಗೆ ಅವಚಿಕೊಂಡಿದ್ದ ಲಕೋಟೆಯಲ್ಲಿ ಶಾಲಾ ಶಿಕ್ಷಕಿಯ ನೌಕರಿಯ ಆದೇಶವಿತ್ತು. ಅದು ಊರಿಗೆ ಬಂದು ಹನ್ನೆರಡು ದಿನವಾಗಿತ್ತು. ಆದರೆ ಮನೆಮಂದಿಯೆಲ್ಲ ಕುರಿಗಳ ಹಿಂದೆ ಹೊಲದಿಂದ ಹೊಲಕ್ಕೆ ಅಲೆಯುತ್ತಿದ್ದರಿಂದ, ಪಕ್ಕದ ಮನೆಯ ಗೂಡಿನಲ್ಲಿ ಧೂಳು ತಿನ್ನುತ್ತ ಕೂತು, ಅಂದು ಬೆಳಗ್ಗೆಯಷ್ಟೇ ಅವಳ ಕೈಗೆ ಸಿಕ್ಕಿತ್ತು. ಅಂದು ಸಂಜೆ ಐದೂವರೆಯೊಳಗೆ ಚಿಕ್ಕೋಡಿಯ ಕಚೇರಿಯಲ್ಲಿ ಹಾಜರಾಗಬೇಕು. ಇಲ್ಲದಿದ್ದರೆ ಆದೇಶ ತಾನಾಗಿಯೇ ರದ್ದು. ಆ ಸಾಲನ್ನು ಅವಳು ಎಷ್ಟು ಸಲ ಓದಿದ್ದಳೆಂದರೆ, ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಮಲಕಾರಿ ಕಾರಿನೊಳಗೆ ಬಗ್ಗಿ, ಮಂಗಸೂಳಿ ಮಲ್ಲಯ್ಯನ ಪಟದ ಹಿಂದಿನಿಂದ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದ. ಅರ್ಧ ಹಿಂಡು ಕೊಟ್ಟು ಹಳೆಯ ಅಂಬಾಸಿಡರ್ ತಂದು ಬಾಡಿಗೆಗೆ ಬಿಟ್ಟ ವರ್ಷವೇ ಅವನು ಅದನ್ನು ಮಾಡಿಸಿದ್ದ. ಗಾಡಿ ಎಲ್ಲಿ ಕೆಟ್ಟು ನಿಂತರೂ ಫೋನ್ ಮಾಡಿದರೆ ಸಾಕು, ನಿಪ್ಪಾಣಿಯ ಗ್ಯಾರೇಜಿನಿಂದ ಎಳೆಯುವ ಗಾಡಿ ಬರುತ್ತದೆ. ಮೂರು ನಮೂನೆಯ ಕಾರ್ಡುಗಳಿದ್ದವು. ಇದು ಎಲ್ಲಕ್ಕಿಂತ ಸೋವಿಯದು, ಹಳದಿ ಬಣ್ಣದ್ದು. ದೇವರ ಮುಂದಿಟ್ಟು ಅರಿಸಿನದ ಭಂಡಾರ ಹಾರಿಸಿದ್ದರಿಂದ ಕಾರ್ಡಿನ ಕೆಳಭಾಗ ಎಣ್ಣೆ ಕುಡಿದು ಗಟ್ಟಿಯಾದ ಹಳದಿಯಲ್ಲಿ ಮುಚ್ಚಿಹೋಗಿತ್ತು.

"ಈ ಭಂಡಾರದಾಗ ಏನೋ ಬರದಾರ ಮಾಮಾ. ಒರಸಲೇನು?"

"ಏ ಹುಚ್ಚಿ! ದೇವರ ಭಂಡಾರ ಒರಸತಾರೇನು? ಮ್ಯಾಗ ಫೋನ್ ನಂಬರ್ ಕಾಣತೈತಿಲ್ಲ? ಅಷ್ಟ ಸಾಕು. ಗ್ಯಾರೇಜಿನ ಕಾಕಾಸಾಹೇಬ ನನ್ನ ಮುಂದ ಭಂಡಾರ ಮುಟ್ಟಿ ಹೇಳ್ಯಾನ, ಗಾಡಿ ಬರತೈತಿ ಅಂತ. ಭಂಡಾರ ಮುಟ್ಟಿದಾಂವ ಸುಳ್ಳ ಹೇಳಂಗಿಲ್ಲ. ನೀ ಶಾಣ್ಯಾಕಿ, ಫೋನ್ ಮಾಡಿ ಬಾ. ನಾ ಇಲ್ಲೇ ಇರತೇನಿ. ಗಾಡಿ ಬಿಟ್ಟು ಹೋಗಬಾರದು ಅಂದಾನ."

ಅಂಕಲಿಯ ಫೋನ್ ಅಂಗಡಿಯ ತವನಪ್ಪ ಕಾರ್ಡನ್ನು ನೋಡಿದವನೇ ಕನ್ನಡಕ ಹಣೆಗೇರಿಸಿದ.

"ಯವ್ವಾ, ಇದ ಹಳದಿ ಕಾರ್ಡ! ನನ್ನ ಅಳಿಯಾನೂ ಮಾಡಿಸಿದ್ದ. ಅಥಣಿ ಹಾದಿಯಾಗ ಗಾಡಿ ನಿಂತಿತ್ತ. ಮುಂಜಾನೆ ಫೋನ್ ಮಾಡಿದಾಂವ, ಅಲ್ಲೇ ಗಿಡದ ಬುಡಕ ಊಟ ಮಾಡಿ, ನಿದ್ದಿ ಮಾಡಿ, ಎದ್ದು ಗಡ್ಡಾನೂ ಬೋಳಿಸಿಕೊಂಡ."

"ಕಡೀಕ ಬಂದ್ರ ಇಲ್ಲರಿ?"

"ಬಂದ್ರು. ಇಲ್ಲ ಅನ್ನಂಗಿಲ್ಲ. ಬಂದ್ರು."

ಆರನೆಯ ಸಲಕ್ಕೆ ಲೈನು ಸಿಕ್ಕಿತು. ಆ ಕಡೆ ಸುತ್ತಿಗೆಯ ಸದ್ದಿನ ನಡುವೆ ಕಾಕಾಸಾಹೇಬನ ದನಿ ಸಮಾಧಾನದಿಂದಿತ್ತು. ಊರು, ಗಾಡಿ, ಹೆಸರು ಎಲ್ಲ ಕೇಳಿಕೊಂಡ.

"ಯಾವ ಕಾರ್ಡರಿ ತಾಯಿ? ಹಳದೀದಾ? ಹಂಗಾರ ತುಸು ತಡ ಆಗತೈತಿ. ನಮ್ಮ ಕಡೆ ಇರೋದ ಒಂದ ಗಾಡಿ. ಹೈವೇದಾಗ ಕೆಂಪು ಕಾರ್ಡಿನವರು ಇಬ್ಬರು ನಿಂತಾರ. ಮೊದಲ ಅವರು, ಆಮ್ಯಾಲ ನೀಲಿ, ಆಮ್ಯಾಲ ನೀವು. ಕಾರ್ಡಿನ ಕೆಳಗ ಬರದೇತಿ ನೋಡ್ರಿ."

ಸಕ್ಕುಬಾಯಿ ಕಾರ್ಡನ್ನು ಮೇಜಿನ ಮೇಲಿಟ್ಟು, ತುಸು ಹೊತ್ತು ನೋಡುತ್ತ ನಿಂತು, ಹೆಬ್ಬೆರಳಿನ ಉಗುರಿನಿಂದ ಭಂಡಾರವನ್ನು ಕೆರೆದಳು. ಇರುವೆಯಂಥ ಅಕ್ಷರಗಳು ಒಂದೊಂದಾಗಿ ಮೇಲೆದ್ದವು. ಅವನು ಹೇಳಿದ್ದೇ ಇತ್ತು.

"ನಾ ಐದೂವರಿಗೆ ಹಾಜರ್ ಆಗಲಿಲ್ಲಂದ್ರ ನೌಕರಿ ಹೋಗತೈತ್ರಿ ಯಣ್ಣಾ. ಕೈ ಮುಗಿತೇನ್ರಿ. ನೀವು ಭಂಡಾರ ಮುಟ್ಟಿ ಹೇಳಿದ್ರಂತಲ್ಲರಿ ನಮ್ಮ ಮಾಮಾಗ."

ಸುತ್ತಿಗೆಯ ಸದ್ದು ನಿಂತಿತು. ಆಮೇಲೆ ಕಾಕಾಸಾಹೇಬ ಮೆಲ್ಲಗೆ ಅಂದ, "ಹೇಳೇನ್ರಿ. ಗಾಡಿ ಬರತೈತಿ ಅಂತ ಹೇಳೇನಿ. ಬರತೈತಿ. ಯಾವಾಗ ಅಂತ ಹೇಳಿಲ್ಲ ತಾಯಿ."

ಅವಳು ಅರ್ಧ ಓಡುತ್ತ, ಅರ್ಧ ನಡೆಯುತ್ತ ಮರಳಿದಾಗ ಎರಡೂಕಾಲು. ಮಲಕಾರಿ ಬೇವಿನ ನೆರಳಿನಲ್ಲಿ ಕೂತಿದ್ದವನು ಎದ್ದು ನಿಂತ. ಮುಖದಲ್ಲಿ ಗೆಲುವು ತುಳುಕುತ್ತಿತ್ತು.

"ಒಂದು ಟೆಂಪೋ ಬಂದಿತ್ತ ನೋಡು, ಮದುವಿ ಮಂದಿ. ಚಿಕ್ಕೋಡಿಗೇ ಹೊಂಟಿದ್ರು. 'ಯಾರರ ಬರೋರದಾರೇನು, ಹಿಂದ ಜಾಗಾ ಐತಿ' ಅಂದ್ರು. ಬ್ಯಾಡ್ರೆಪಾ, ನಮ್ಮ ಗಾಡಿ ಬರಾಕತ್ತೈತಿ ಅಂದು ಕಳಿಸಿಬಿಟ್ನಿ. ನೌಕರಿ ಹತ್ತಾಕ ಹೋಗೋ ಹುಡುಗಿ ಟೆಂಪೋದ ಹಿಂದ ಗೋಣಿಚೀಲದಂಗ ಕುಂತು ಹೋಗಬೇಕೇನು? ಕಾರಿನಾಗ ಇಳೀಬೇಕ."

ಸಕ್ಕುಬಾಯಿ ಅವನ ಕಡೆ ನೋಡಿದಳು. ಅಪ್ಪ ಹೋದ ಮೇಲೆ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು, ಹಿಂಡಿನ ಕಡೆ ಓಡುತ್ತಿದ್ದ ಮಾಮಾ ಇವನು. ಟೆಂಪೋ ಹೋದ ದಿಕ್ಕಿನಲ್ಲಿ ಧೂಳೂ ಇಳಿದಾಗಿತ್ತು.

"ಏನಂದ್ರು? ಹೊಂಟಾರಿಲ್ಲ?"

"ಬರತಾರಂತ."

"ನಾ ಹೇಳಿರಲಿಲ್ಲ!"

ಅವಳು ಉಗುರನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು ಮೈಲಿಗಲ್ಲಿನ ಮೇಲೆ ಕೂತಳು. ರಸ್ತೆಯಂಚಿನ ಬಿಳಿ ಕಲ್ಲುಗಳೆಲ್ಲ ಮೊದಲು ಕುರಿಗಳಾಗಿದ್ದವೆಂದು ಅಜ್ಜಿ ಹೊಳೆವ್ವ ಹೇಳುತ್ತಿದ್ದಳು. ಇಲ್ಲೇ ಇರ್ರಿ, ಬರತೇನಿ ಎಂದು ಭಂಡಾರ ತೂರಿ ಹೋದ ಕುರುಬ ಹೊಳೆಯಾಚೆ ಸಿಕ್ಕಿಬಿದ್ದ. ಕುರಿಗಳು ಮಳೆಗೂ ಸರಿಯಲಿಲ್ಲ, ತೋಳಕ್ಕೂ ಓಡಲಿಲ್ಲ. "ಬಂದನೇನಬೇ ಆಯೀ?" ಎಂದು ಪುಟ್ಟ ಸಕ್ಕು ಕೇಳಿದರೆ, "ಬಂದ. ಬಂದಾಗ ಮೈಮ್ಯಾಗಿನ ಉಣ್ಣೆ ಬೆಚ್ಚಗಿತ್ತಂತ, ಒಳಗ ಕಲ್ಲಾಗಿದ್ದವಂತ" ಎನ್ನುತ್ತಿದ್ದಳು ಅಜ್ಜಿ. ಆಗೆಲ್ಲ ಸಕ್ಕುಬಾಯಿ ದಾರಿಯ ಕಲ್ಲುಗಳನ್ನು ಸವರಿ ನೋಡುತ್ತಿದ್ದಳು.

ಎದ್ದು ನಡೆದುಬಿಡಬೇಕೆಂದು ಕಾಲು ತುಡಿಯುತ್ತಿತ್ತು. ಆದರೆ ಗುಡುಗುಡು ಸದ್ದು ಕೇಳಿದಾಗಲೆಲ್ಲ ಮಲಕಾರಿ ರಸ್ತೆ ನಡುವೆ ಹೋಗಿ ಕೈ ಅಡ್ಡ ಹಿಡಿಯುತ್ತಿದ್ದ. ಅವಳ ಎದೆಯೂ ಅವನ ಜೊತೆಗೆ ಎದ್ದು ನಿಲ್ಲುತ್ತಿತ್ತು. ಒಮ್ಮೆ ದೂರದ ಹೊಲದ ಪಂಪ್‌ಸೆಟ್ಟು. ಒಮ್ಮೆ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರು. ಒಮ್ಮೆ ಏನೂ ಇಲ್ಲ. ಹೀಗೇ ಒಂದು ತಾಸು ಸೋರಿಹೋಯಿತು.

ಮೂರೂಕಾಲಿಗೆ ಅವಳು ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು.

"ನಾ ನಡೀತೀನಿ ಮಾಮಾ."

"ಹುಚ್ಚಗಿಚ್ಚ ಹಿಡದೈತೇನು? ಇನ್ನೇನು ಬಂದಬಿಡತಾರ. ಭಂಡಾರ ಮುಟ್ಟಿ..."

"ಬರತಾರ ಮಾಮಾ. ನೀ ಇರು." ಅಷ್ಟು ಹೊತ್ತಿಗೆ ಅವಳು ಓಡುತ್ತಿದ್ದಳು.

ಬಿಸಿ ಡಾಂಬರಿಗೆ ಅಂಗಾಲು ಸುಟ್ಟಾಗ ಮಣ್ಣಿನಂಚಿಗೆ ಇಳಿದಳು. ಎರಡು ಕಿಲೋಮೀಟರಿನಷ್ಟು ಮೇವಿನ ಚಕ್ಕಡಿಯವನೊಬ್ಬ ಕೂರಿಸಿಕೊಂಡ. ಎತ್ತುಗಳ ನಿಧಾನಕ್ಕೆ ತಾಳಲಾರದೆ ಧುಮುಕಿ ಮತ್ತೆ ಓಡಿದಳು. ಪಕ್ಕೆಯಲ್ಲಿ ಚಳುಕು ಎದ್ದಿತು. ಎಂಟು, ಏಳು, ಐದು ಎಂದು ಕಲ್ಲುಗಳು ಹಿಂದೆ ಸರಿದವು. ಲಕೋಟೆ ಬೆವರಿಗೆ ಮೆತ್ತಗಾಯಿತು. ಎರಡೂಕಾಲಿಗೇ ಹೊರಟಿದ್ದರೆ, ಎರಡೂಕಾಲಿಗೇ ಹೊರಟಿದ್ದರೆ ಎಂದು ಕಾಲುಗಳೇ ನುಡಿಯುತ್ತಿದ್ದವು.

ಕಚೇರಿಯ ಮೆಟ್ಟಿಲೇರಿದಾಗ ಆರಕ್ಕೆ ಐದು ನಿಮಿಷ. ಬಾಗಿಲಿಗೆ ಬೀಗ ಬಿದ್ದಿತ್ತು. ಅಂಗಳ ಗುಡಿಸುತ್ತಿದ್ದ ಕಸ್ತೂರೆವ್ವ ಪೊರಕೆ ನಿಲ್ಲಿಸಿ ಅವಳ ಕಾಲು ನೋಡಿದಳು.

"ನೀ ಏನ ಸಕ್ಕುಬಾಯಿ ಅಂದ್ರ? ಸಾಹೇಬ್ರು ಐದೂಮುಕ್ಕಾಲ ತನಕ ಕುಂತಿದ್ರ ನನ್ನವ್ವಾ. ಒಬ್ಬಾಕಿ ಬರಬೇಕಾಗೈತಿ ಅಂದು ಎರಡು ಸಲ ಬಾಗಿಲಿಗೆ ಬಂದು ನೋಡಿದ್ರು. ಆಮ್ಯಾಲ ಬುಕ್ಕಿನಾಗ ಗೀಟು ಎಳದು ಹ್ವಾದ್ರು." ಅವಳು ಒಂದು ತಂಬಿಗೆ ನೀರು ತಂದಿಟ್ಟಳು. ಸಕ್ಕುಬಾಯಿ ಅದನ್ನು ಕುಡಿಯಲೂ ಇಲ್ಲ, ಕಾಲಿಗೆ ಹಾಕಿಕೊಳ್ಳಲೂ ಇಲ್ಲ.

ಬಿಸಿಲು ಗೋಡೆಯ ತುದಿಗೆ ಏರಿದ್ದಾಗ ರಸ್ತೆಯಲ್ಲಿ ಹಾರ್ನು ಕೇಳಿಸಿತು. ನಿಪ್ಪಾಣಿಯ ಕಡೆ ಹೊರಟ ಎಳೆಯುವ ಗಾಡಿ. ಅದರ ಹಿಂದೆ ಹಗ್ಗಕ್ಕೆ ಕಟ್ಟಿದ ಅಂಬಾಸಿಡರ್. ಮಲಕಾರಿ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಕೂಗುತ್ತಿದ್ದ.

"ಸಕ್ಕು! ಬಂದ್ರ ನೋಡು! ಕಾಕಾಸಾಹೇಬ ತಾನ ಬಂದಾನ! ಭಂಡಾರ ಸುಳ್ಳಾಗಲಿಲ್ಲಬೇ..."

ಅವನ ಕಣ್ಣು ಅವಳಿಂದ ಮೇಲಕ್ಕೆ, ಬೀಗದ ಕಡೆ ಹೋಯಿತು. ಕೈ ಮೆಲ್ಲಗೆ ಕಿಟಕಿಯೊಳಗೆ ಸರಿಯಿತು.

ಮುಂದಿನ ಗಾಡಿಯಿಂದ ಕಾಕಾಸಾಹೇಬ ತಲೆ ಹೊರಗೆ ಹಾಕಿ, ಇಬ್ಬರನ್ನೂ ನೋಡಿ, ತಲೆ ಒಳಗೆಳೆದುಕೊಂಡ.

ಸಕ್ಕುಬಾಯಿ ಮೆಟ್ಟಿಲಿಳಿದು ಬಂದು ಅಂಬಾಸಿಡರಿನ ಮುಂದಿನ ಸೀಟಿನಲ್ಲಿ ಕೂತಳು. ಅವಳು ಸೆರಗಿನ ಗಂಟಿನಿಂದ ಕಾರ್ಡು ಬಿಚ್ಚಿ, ಕೆರೆದ ಬದಿಯನ್ನು ಒಳಗೆ ಮಾಡಿ, ಪಟದ ಹಿಂದೆ ಇಟ್ಟಳು. ಸಡಿಲ ಬಿದ್ದಿದ್ದ ಹಗ್ಗ ನೆಲದಿಂದ ಮೇಲೆದ್ದು ಬಿಗಿಯಿತು. ಎಂಜಿನ್ನಿನ ಸದ್ದಿಲ್ಲದ ಕಾರು ಸರಿಯತೊಡಗಿದಾಗ, ಮಲಕಾರಿ ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು, ಹಗ್ಗ ಹೋದ ಕಡೆಗೇ ತಿರುಗಿಸುತ್ತಿದ್ದ.