ತೊಲೆಯ ಮೇಲಿನ ವಿಭೂತಿ

ಕತ್ತಿನ ಮೇಲೆ ತಣ್ಣಗೆ ಒಂದು ಹನಿ, ಸೇತುವೆಯ ಹೆಂಚು ಸೋರುತ್ತಿದೆ, ಇವರಿದ್ದಿದ್ದರೆ ಇಷ್ಟು ಹೊತ್ತಿಗೆ ಆಳು ಕರೆಸಿ ಬದಲಿಸಿಬಿಡುತ್ತಿದ್ದರು, ಮೇಲೆ ನೋಡಬಾರದು, ಹೆಂಚನ್ನಷ್ಟೇ ನೋಡಬೇಕು, ಆ ಬಿಳಿಯದನ್ನು ನೋಡಬಾರದು — ಈ ಸೇತುವೆ ಎಂದರೆ ಅದೇನು ಹುಚ್ಚೋ ನಮ್ಮ ಯಜಮಾನರಿಗೆ, ಸೈಟು ಮಾರುವವನು ನಾಲೆಗೆ ಮರದ ಸೇತುವೆ ಕಟ್ಟಿ, ಅದಕ್ಕೆ ಚಾವಣಿಯನ್ನೂ ಹಾಕಿ, ಫಾರಿನ್ ಮಾಡಲ್ ಸಾ, ನಂಜನಗೂಡಲ್ಲೇ ಇಲ್ಲ ಅಂದ, ಇವರು ಅಷ್ಟಕ್ಕೇ ಮರುಳಾದರು, ಮನೆ ಏಳೋಕ್ ಮುಂಚೆ ಸೇತುವೆಗೆ ಸೂರು ಬಂತಲ್ರೀ ಎಂದು ನಾನು ನಕ್ಕಿದ್ದೆ. ಗಾಳಿಮಳೆಗೆ ಚಾವಣಿ ವಾಲಿದಾಗ ಬಡಾವಣೆ ಸಂಘದ ಅಧ್ಯಕ್ಷರು ಇವರೇ, ನಿಂತು ಅಡ್ಡಕ್ಕೊಂದು ತೊಲೆ ಹೊಡೆಸಿದರು, ತಗ್ಗಾಯ್ತಲ್ರೀ ಅಂದರೆ, ನಾವೇನು ಆನೆ ಮ್ಯಾಲೆ ಕೂತ್ಕಂಡು ಓಡಾಡೋರಾ ಸುಮ್ನಿರು. ಅದೇ ವರ್ಷ ಲಕ್ವ ಹೊಡೆಯಿತು, ಮಲಗಿದವರು ಏಳಲಿಲ್ಲ, ಬೆನ್ನ ಹುಣ್ಣಿಗೆ ಪುಡಿ ಹಾಕುವಾಗ ಹಲ್ಲು ಕಚ್ಚಿಕೊಂಡು, ಸಿದ್ದೀ, ಮಲಗಿ ಮಲಗಿ ಸಾಕಾಗೋಯ್ತು ಕಣೇ, ಓಗ್ವಾಗಾದ್ರೂ ನೆಟ್ಟಗೆ ಕೂರ್ಸಿ ಕಳ್ಸು, ಮಲಗಿಸ್ಬ್ಯಾಡ — ಅದೇನು ಹೇಳ್ಬೇಕಾ, ನಮ್ಮೋರ್ನೆಲ್ಲ ಕೂರ್ಸೇ ಅಲ್ವಾ ಮಣ್ಣು ಮಾಡದು, ಮಾತು ಕೊಟ್ಟೆ.

ಇವರು ಹೋದ ದಿನ ಕೂರಿಸಿ ಹೊರಲು ಬಿದಿರಿನ ವಿಮಾನ ಕಟ್ಟಿ, ರುಮಾಲು ಸುತ್ತಿ, ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದರು, ಎಷ್ಟು ಕಾಲದ ಮೇಲೆ ಇವರು ಕೂತದ್ದು ಕಂಡೆ, ಅಳುವುದನ್ನೂ ಮರೆತು ನೋಡಿದೆ. ಮಣ್ಣು ಮಾಡಲು ಕಳಲೆ ರಸ್ತೆಯ ಹೊಲಕ್ಕೆ ಹೋಗಬೇಕು, ಬಳಸು ದಾರಿಯನ್ನು ಒಳಚರಂಡಿಗೆಂದು ಅಗೆದು ಹಾಕಿದ್ದರು, ಈ ಸೇತುವೆಯೊಂದೇ ಉಳಿದದ್ದು, ತೊಲೆ ತಗ್ಗೆಂದು ವಿಮಾನದ ಹೂವಿನ ಗೋಪುರ ಕಿತ್ತರು, ಹೆಗಲಿಂದ ಇಳಿಸಿದರು, ಬೊಂಬು ಎರಡೂ ಕಡೆಯ ಕಟಕಟೆಗೆ ತಾಗಿ ಇನ್ನು ಕೆಳಗಿಳಿಯದು, ನಿಧಾನ ಕಣ್ರೋ, ನಿಧಾನ — ಹಣೆ ತೊಲೆಗೆ ಬಡಿಯಿತು, ಆ ಸದ್ದು. ಮೈದುನನ ಮಗ ಬಸವೇಶ ಹತ್ತಿರ ಬಂದ, ದೊಡ್ಡಮ್ಮ, ಕತ್ತು ಬಗ್ತಿಲ್ಲ, ಬಿಚ್ಚಿ ಮಲಗಿಸ್ಕಂಡೇ ದಾಟಿಸ್ಬೇಕು, ಏನಂತೀರಾ, ಎಲ್ಲರೂ ನನ್ನ ಮುಖ ನೋಡಿದರು, ಗರಗಸ ತನ್ನಿ, ತೊಲೆ ಕೊಯ್ಯಿರಿ ಅನ್ನಬಹುದಿತ್ತು, ಬಾಯಿಗೆ ಬಂದದ್ದು ಮಲಗಿಸಿ ಅಂತ. ಹಲಗೆಯ ಮೇಲೆ ಆ ಬೆನ್ನು, ಆ ಹುಣ್ಣಿನ ಬೆನ್ನು.

ಆಚೆ ದಡದಲ್ಲಿ ಮತ್ತೆ ಕೂರ್ಸುದ್ವಲ್ಲ ದೊಡ್ಡಮ್ಮ, ಗುಣೀಲೂ ಕೂತೇ ಅವ್ರೆ, ಸಮಾಧಾನ ಮಾಡ್ಕಳಿ, ಅಂತಾನೆ ಬಸವೇಶ — ಇರಬಹುದು, ದಿನಾ ಸಮಾಧಿಗೆಂದು ಹೂವು ಹಿಡಿದು ಹೊರಡುತ್ತೇನೆ, ದಿನಾ ಇಲ್ಲಿಗೇ ಕಾಲು ನಿಲ್ಲುತ್ತದೆ, ಹೂವು ಕೈಯಲ್ಲೇ ಬಾಡುತ್ತದೆ, ನೋಡಬಾರದು ಎಂದುಕೊಂಡೇ ನೋಡುತ್ತೇನೆ, ತೊಲೆಯ ಮೇಲೆ ಬೆಳ್ಳಗೆ, ಸೆರಗಿನಿಂದ ಒರೆಸೋಣವೆಂದರೆ ಎಟುಕದು, ನನ್ನ ಕತ್ತಿಗೆ ಸೋರುವ ಮಳೆ ಅಲ್ಲಿಗೆ ತಾಗದು, ಅಲ್ಲಿ ಹೆಂಚು ಗಟ್ಟಿಯಾಗಿದೆ, ಬೆಳ್ಳಗೆ, ಹಣೆಯಷ್ಟಗಲ, ಬೆಳ್ಳಗೆ —